1948ಕ್ಕೆ ಚೀಟಿಯಿಲ್ಲ, ಠಸ್ಸೆಯಿದೆ

ಆಳ್ವಿಕೆ ಬದಲಾದ ವರ್ಷವನ್ನು ಅಂಚೆಚೀಟಿಯ ಆಲ್ಬಮಿನಲ್ಲಿ ಹುಡುಕುವುದಾದರೆ ಐರ್ಲೆಂಡಿನಷ್ಟು ಸಲೀಸು ಬೇರೆ ಕಡೆ ಕಡಿಮೆ. 1922ರ ಜನವರಿಯಲ್ಲಿ ಡಬ್ಲಿನ್ ಆಡಳಿತ ತಾತ್ಕಾಲಿಕ ಸರ್ಕಾರದ ಕೈಗೆ ಬಂತು. ಫೆಬ್ರವರಿ 17ರಂದು ಮಾರಾಟಕ್ಕೆ ಬಂದ ಚೀಟಿಗಳಲ್ಲಿ ಐದನೇ ಜಾರ್ಜ್ ದೊರೆಯ ಮುಖದ ಮೇಲೆಯೇ ಹೊಸ ಸರ್ಕಾರದ ಹೆಸರನ್ನೂ ಇಸವಿಯನ್ನೂ ಐರಿಷ್ ಅಕ್ಷರಗಳಲ್ಲಿ ಒತ್ತಿದ್ದರು. ಕೆಂಪು ಅಂಚೆಪೆಟ್ಟಿಗೆಗಳಿಗೆ ಹಸಿರು ಬಣ್ಣ ಬಳಿದರು. ಡಿಸೆಂಬರ್ 6ಕ್ಕೆ ಅವರದೇ ಚೀಟಿ ಬಂತು, ಎರಡು ಪೆನ್ನಿಯದು, ಇಡೀ ದ್ವೀಪದ ನಕ್ಷೆಯಿರುವುದು. ಮರುದಿನವೇ ಉತ್ತರದ ಆರು ಕೌಂಟಿಗಳು ಹೊಸ ರಾಜ್ಯದಿಂದ ಹೊರಗುಳಿದವು. ಚೀಟಿಯ ನಕ್ಷೆಯಲ್ಲಿ ಮಾತ್ರ ಗಡಿಗೆರೆ ಬೀಳಲಿಲ್ಲ.

ನಮ್ಮ ಕಡೆ ಅಂಥ ವರ್ಷ 1948. ನಮ್ಮ ಕಡೆ ಅಂದರೆ ಕಲಬುರಗಿ, ಬೀದರ, ರಾಯಚೂರು, ಜೊತೆಗೆ ಔರಂಗಾಬಾದ್. 1956ರವರೆಗೆ ಎಲ್ಲ ಹೈದರಾಬಾದಿನ ಲೆಕ್ಕಕ್ಕೇ ಸೇರಿದ್ದವು.

ಮನಮಾಡಿನಿಂದ ಸಿಕಂದರಾಬಾದಿಗೆ ಹೋಗುವ ರೈಲುಹಾದಿಯನ್ನು ನೆನಪಿಸಿಕೊಳ್ಳಿ. ಮನಮಾಡ್ ಇರುವುದು ನಾಸಿಕ ಜಿಲ್ಲೆಯಲ್ಲಿ. ನಾಸಿಕ ರೋಡಿನ ಸೆಕ್ಯುರಿಟಿ ಪ್ರೆಸ್ಸೆಂದರೆ ಭಾರತದ ಚೀಟಿಗಳ ತವರು. ಗಡಿ ದಾಟಿದರೆ ಔರಂಗಾಬಾದ್, ಅದರ ಮಗ್ಗುಲಿಗೇ ಈಗ ವಿಮಾನ ನಿಲ್ದಾಣವಿರುವ ಚಿಕಲಠಾಣಾ, ಎರಡೂ ಆಗ ಹೈದರಾಬಾದ್ ಸಂಸ್ಥಾನವಾಳುತ್ತಿದ್ದ ನಿಜಾಮರ ನೆಲ. 1947ರ ನವೆಂಬರ್ 21ಕ್ಕೆ ‘ಜೈ ಹಿಂದ್’ ಎಂದು ಬರೆದ ಬಾವುಟದ ಚೀಟಿ ಗಡಿಯ ಆಚೆ ಹೊರಬಂದಾಗ ಈಚೆ ನಿಜಾಮರ ಚೀಟಿಯೇ ಚಲಾವಣೆಯಲ್ಲಿತ್ತು. ಅದು ಸಂಸ್ಥಾನದೊಳಗಿನ ಪತ್ರಗಳಿಗೆ ಮಾತ್ರ. ಹೊರಗೆ ಹೋಗುವ ಪತ್ರಕ್ಕೆ ಭಾರತದ ಚೀಟಿ ಬೇಕಿತ್ತು.

ನಿಜಾಮರ ಚೀಟಿಗಳ ಚೆಲುವನ್ನು ಹೇಳದೆ ಮುಂದೆ ಹೋಗಲಾರೆ. 1931ರಲ್ಲಿ ಆರಂಭವಾದ ಚಿತ್ರಸರಣಿ ಅದು. ಒಂದಾಣೆಗೆ ಚಾರ್‌ಮಿನಾರ್, ಎಂಟಾಣೆಗೆ ಅಜಂತಾ ಗುಹೆಯ ಬಾಗಿಲು, ಒಂದು ರೂಪಾಯಿಗೆ ದೌಲತಾಬಾದಿನ ವಿಜಯಸ್ತಂಭ. ಹನ್ನೆರಡಾಣೆಯದರಲ್ಲಿ ನಮ್ಮ ಬೀದರಿನ ಮಹಮೂದ್ ಗವಾನ್ ಮದರಸಾ! ರಾಜನ ಮುಖವನ್ನೇ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಊರುಗಳನ್ನು ತೋರಿಸಿದ ಸರಣಿ. ಅಭಿರುಚಿಯ ಮಟ್ಟಿಗೆ ನಿಜಾಮರಿಗೆ ನನ್ನ ಪೂರ್ತಿ ಅಂಕ.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನದೊಳಗೆ ಕಾಲಿಟ್ಟಿತು. ಮರುದಿನ ಔರಂಗಾಬಾದ್ ಶರಣಾಯಿತು, 17ಕ್ಕೆ ನಿಜಾಮರೂ ಸೋಲೊಪ್ಪಿದರು. ಮೇಜರ್ ಜನರಲ್ ಚೌಧರಿ ಮಿಲಿಟರಿ ಗವರ್ನರ್ ಆದರು. ಆದರೂ ಅಂಚೆಕಚೇರಿಯಲ್ಲಿ ಮಾರುತ್ತಿದ್ದುದು ಅದೇ ನಿಜಾಮರ ಚೀಟಿ. ಕಾರಣ ಸರಳ. ನಿಜಾಮರನ್ನು ಗಾದಿಯಿಂದ ಇಳಿಸಿರಲಿಲ್ಲ, ಫರ್ಮಾನುಗಳು ಅವರ ಹೆಸರಿನಲ್ಲೇ ಹೊರಡುತ್ತಿದ್ದವು, 1950ರ ಜನವರಿ 26ಕ್ಕೆ ಅವರೇ ರಾಜಪ್ರಮುಖರೂ ಆದರು. ಚೀಟಿಗಳು ಭಾರತದ್ದಾಗಲು 1950ರ ಏಪ್ರಿಲ್ 1ರವರೆಗೆ ಕಾಯಬೇಕಾಯಿತು.

ಹಾಗಾಗಿ 1948ರ ಗುರುತು ಚೀಟಿಯಲ್ಲಿ ಸಿಗುವುದಿಲ್ಲ, ಅದರ ಮೇಲೆ ಬಿದ್ದ ಠಸ್ಸೆಯಲ್ಲಿ ಸಿಗುತ್ತದೆ. ನಮ್ಮವರು ಕೆಡಿಸುವುದೂ ಇಲ್ಲೇ. ಹಳೆಯ ಲಕೋಟೆ ಕೈಗೆ ಬಂದೊಡನೆ ನೀರಿಗೆ ಹಾಕಿ, ಚೀಟಿ ಬಿಡಿಸಿ, ಒಣಗಿಸಿ, ಆಲ್ಬಮಿಗೆ ಸೇರಿಸಿ ಬೀಗುತ್ತಾರೆ. ತೊಳೆದ ಚೀಟಿಯ ಮೇಲೆ ಉಳಿಯುವುದು ಠಸ್ಸೆಯ ಒಂದು ಚೂರು. ಊರಿದ್ದರೆ ತಾರೀಕಿಲ್ಲ, ತಾರೀಕಿದ್ದರೆ ಊರಿಲ್ಲ. ಒಂದೇ ಬಗೆಯ ಚೀಟಿ ಹಚ್ಚಿದ ಎರಡು ಪತ್ರಗಳು, ಒಂದಕ್ಕೆ ಆ ಆಗಸ್ಟಿನ ಠಸ್ಸೆ, ಇನ್ನೊಂದಕ್ಕೆ ಅಕ್ಟೋಬರಿನದು. ಬೇರೆ ಬೇರೆ ಆಳ್ವಿಕೆಯಲ್ಲಿ ಟಪಾಲಿಗೆ ಬಿದ್ದವು ಅವು. ಬಿಡಿಸಿಟ್ಟರೆ ಎರಡೂ ಹಳೆಯ ಒಂದಾಣೆ, ಅಷ್ಟೇ.

ಬಳಸದ ಹೊಸ ಚೀಟಿಗಳ ಪೂರ್ತಿ ಸೆಟ್ಟು ಮತ್ತು ಔರಂಗಾಬಾದಿನ ಠಸ್ಸೆಯಿರುವ, ಅಂಚು ಹರಿದ, ಅರಿಶಿನದ ಕಲೆಯ ಒಂದು ಕಾರ್ಡು, ಇವೆರಡರಲ್ಲಿ ನಾನು ಕಾರ್ಡನ್ನೇ ಆರಿಸಿಕೊಳ್ಳುತ್ತೇನೆ. ಸೆಟ್ಟನ್ನು ದುಡ್ಡಿದ್ದರೆ ಯಾವಾಗಲಾದರೂ ಕೊಳ್ಳಬಹುದು. ಕಾರ್ಡು ಕೊಳ್ಳುವಾಗ ಠಸ್ಸೆಯ ಮಸಿ ಚೀಟಿಯ ಅಂಚು ದಾಟಿ ಕಾಗದದ ಮೇಲೂ ಹರಿದಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ಅಲ್ಲಿ ವೃತ್ತ ತುಂಡಾಗಿದ್ದರೆ ಬೇರೆಲ್ಲಿಂದಲೋ ತಂದು ಅಂಟಿಸಿದ ಚೀಟಿ ಎಂದು ಶಂಕಿಸಬೇಕು.

ಹೈದರಾಬಾದ್ ಸಂಗ್ರಹಿಸುವವರು ಸಾಮಾನ್ಯವಾಗಿ 1950ರ ಮಾರ್ಚ್ 31ಕ್ಕೆ ಪುಟ ಮುಗಿಸುತ್ತಾರೆ. ನಾನು ಇನ್ನೂ ಕೆಲವು ಹಾಳೆ ಖಾಲಿ ಬಿಟ್ಟಿದ್ದೇನೆ. ಏಪ್ರಿಲ್ ನಂತರ ಕೊಳ್ಳುವ ಚೀಟಿ ಭಾರತದ್ದಾದರೂ ಜನರ ಜೇಬಿನಲ್ಲಿ ನಿಜಾಮರ ಸಿಕ್ಕಾ ಇದ್ದೇ ಇತ್ತು. ಅದರ ಏಳು ರೂಪಾಯಿ ಭಾರತದ ಆರಕ್ಕೆ ಸಮ. ಆ ಲೆಕ್ಕ ಪೂರ್ತಿ ಚುಕ್ತಾ ಆದದ್ದು 1959ರಲ್ಲಿ.