ಕದ್ರಿ ಗೋಪಾಲನಾಥರ ಸಹವಾದನ: ಒಂದು ವಿವೇಚನೆ

ಪುಣೆಯ ಕನ್ನಡಿಗರಲ್ಲಿ ಸಂಗೀತದ ಮಾತು ಬಂದಿತೆಂದರೆ ಅದು ಕುಂದಗೋಳ, ಗದಗುಗಳ ಕಡೆಗೆ ಹರಿಯುವುದು ಸಹಜವೇ ಆಗಿದೆ. ಗುರುಗಳಾದ ಸವಾಯಿ ಗಂಧರ್ವರ ಸ್ಮರಣೆಗಾಗಿ ಭೀಮಸೇನ ಜೋಶಿಯವರು 1953ರಲ್ಲಿ ಇಲ್ಲಿ ಆರಂಭಿಸಿದ ಉತ್ಸವವು ನಮ್ಮ ಕಿವಿಗಳನ್ನು ತಿದ್ದಿದೆ. ಇದರ ಫಲವಾಗಿಯೋ ಏನೋ, ಕರಾವಳಿಯ ಕನ್ನಡ ನಾಡಿನಿಂದ ಬಂದ ಕದ್ರಿ ಗೋಪಾಲನಾಥರನ್ನು ನಾವು ಮೆಚ್ಚಿದ್ದೇವೆಯೇ ಹೊರತು ವಿವೇಚಿಸಿಲ್ಲ. ಮೆಚ್ಚಿದ್ದಾದರೂ ಬಹುಮಟ್ಟಿಗೆ ವಾದ್ಯದ ವೈಚಿತ್ರ್ಯವನ್ನು. ಜರಿಯ ಅಂಗವಸ್ತ್ರ ಹೊದ್ದು ಚಕ್ಕಳಮಕ್ಕಳ ಹಾಕಿ ಕುಳಿತ ವಿದ್ವಾಂಸನ ಕೈಯಲ್ಲಿ ಹೋಟೆಲುಗಳ ನೃತ್ಯಮೇಳದ ಹಿತ್ತಾಳೆಯ ಕೊಳಲು! ಈ ನೋಟದ ಬೆರಗಿನಲ್ಲಿ ನಾದದ ವಿಚಾರ ಹಿಂದೆ ಬಿದ್ದಿತು.

ಗೋಪಾಲನಾಥರು 1949ರಲ್ಲಿ ಬಂಟ್ವಾಳ ತಾಲೂಕಿನಲ್ಲಿ ಜನಿಸಿದರು. ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಮೊದಲ ಪಾಠ ಆ ವಾದ್ಯದಲ್ಲಿಯೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತದ್ದು, ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ ಬಳಿಕ ಮದರಾಸಿನ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಶಿಕ್ಷಣ ಪಡೆದದ್ದು ಪ್ರಸಿದ್ಧವಾದ ಸಂಗತಿ. ಆ ವಾದ್ಯವನ್ನು ಕರ್ಣಾಟಕ ಸಂಗೀತಕ್ಕೆ ಪಳಗಿಸಲು ಎರಡು ದಶಕಗಳಷ್ಟು ಕಾಲ ಏಕೆ ಹಿಡಿಯಿತೆಂಬುದು ಮುಖ್ಯವಾದ ಪ್ರಶ್ನೆ. ನಾಗಸ್ವರದ ರಂಧ್ರಗಳ ಮೇಲೆ ಬೆರಳು ನೇರವಾಗಿ ಕೂಡುತ್ತದೆ. ರಂಧ್ರವನ್ನು ಅರೆಬರೆ ಮುಚ್ಚಿ ಸ್ವರದಿಂದ ಸ್ವರಕ್ಕೆ ಜಾರಬಹುದು. ಅಡಾಲ್ಫ್ ಸ್ಯಾಕ್ಸ್ ಎಂಬ ಬೆಲ್ಜಿಯಮ್ ದೇಶದ ಕುಶಲಿಯು 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯದಲ್ಲಿಯಾದರೋ ರಂಧ್ರಕ್ಕೂ ಬೆರಳಿಗೂ ನಡುವೆ ಕೀಲಿಗಳಿವೆ. ಕೀಲಿಯ ಸ್ವಭಾವ ಮುಚ್ಚುವುದು ಅಥವಾ ತೆರೆಯುವುದು. ಸ್ವರಗಳ ನಡುವಣ ಹಾದಿ ಅದಕ್ಕೆ ತಿಳಿಯದು. ಹಾದಿಯಲ್ಲಿಯೇ ಜೀವವಿಟ್ಟುಕೊಂಡಿರುವ ತೋಡಿಯ ಗಾಂಧಾರವನ್ನು ಇಂತಹ ಯಂತ್ರದಿಂದ ಹೊರಡಿಸಬೇಕಾದರೆ ತುಟಿ, ಉಸಿರು, ಗಂಟಲುಗಳು ಬೆರಳಿನ ಕೆಲಸವನ್ನೂ ವಹಿಸಿಕೊಳ್ಳಬೇಕು. ಗೋಪಾಲನಾಥರು ಕೀಲಿಗಳ ವ್ಯವಸ್ಥೆಯಲ್ಲಿ ಕೆಲವು ಮಾರ್ಪಾಡುಗಳನ್ನೂ ಮಾಡಿಕೊಂಡರು. ಪಿಟೀಲಿಗೆ ಇಂತಹ ತೊಡಕಿರಲಿಲ್ಲ. ಅದರ ತಂತಿಯ ಮೇಲೆ ಬೆರಳು ಜಾರುತ್ತದೆ. ಆದಕಾರಣ ಪಿಟೀಲಿನ ದೃಷ್ಟಾಂತವನ್ನು ಹೇಳಿ ಈ ಸಾಧನೆಯನ್ನು ಸಾಮಾನ್ಯವೆಂದು ಎಣಿಸುವವರು ವಾದ್ಯಗಳ ಅಂಗರಚನೆಯನ್ನು ಗಮನಿಸಿಲ್ಲವೆಂದೇ ಹೇಳಬೇಕು.

ಇನ್ನು ಸಹವಾದನದ ವಿಚಾರ. 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಇವರ ವಾದನವನ್ನು ಕೇಳಿದ ಅಮೆರಿಕೆಯ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ತಾನೂ ವೇದಿಕೆಯನ್ನೇರಿ ಜೊತೆಗೂಡಿದನು. ಹ್ಯಾಂಡಿಗೆ ಭಾರತೀಯ ಸಂಗೀತ ಅಪರಿಚಿತವಾಗಿರಲಿಲ್ಲ. 1975ರಲ್ಲಿಯೇ ಅಲಿ ಅಕ್ಬರ್ ಖಾನರೊಡನೆ ‘ಕರುಣಾ ಸುಪ್ರೀಮ್’ ಎಂಬ ಧ್ವನಿಮುದ್ರಿಕೆಯನ್ನು ಮಾಡಿದ್ದನು. ಈ ಪ್ರಸಂಗವು ಗೋಪಾಲನಾಥರ ಕೀರ್ತಿಗೆ ದಾರಿಯಾಯಿತು. 1994ರಲ್ಲಿ ಲಂಡನ್ನಿನ ಆಲ್ಬರ್ಟ್ ಸಭಾಂಗಣದ ಬಿಬಿಸಿ ಪ್ರಾಮ್ಸ್ ಉತ್ಸವಕ್ಕೆ ಅವರಿಗೆ ಆಹ್ವಾನ ಬಂದಿತು. ಆದರೆ ಕೀರ್ತಿ ಬೇರೆ, ಕೂಟದ ಸತ್ತ್ವ ಬೇರೆ. ಜಾಜ್ ಸಂಗೀತದಲ್ಲಿ ಸ್ವರಮೇಳಗಳು ಬದಲಾದಂತೆ ವಾದಕನ ಕಾಲ ಕೆಳಗಿನ ನೆಲವೂ ಬದಲಾಗುತ್ತದೆ; ನಮ್ಮಲ್ಲಿ ಷಡ್ಜ ಅಲುಗುವಂತಿಲ್ಲ. ಇವೆರಡೂ ಕೂಡಿದಾಗ ಸಾಮಾನ್ಯವಾಗಿ ಜಾಜಿನವನು ತನ್ನ ನೆಲವನ್ನು ಸ್ಥಿರಗೊಳಿಸಿಕೊಂಡು, ರಾಗದ ಆರೋಹಣ ಅವರೋಹಣಗಳಲ್ಲಿ ಓಡಾಡಿ, ಕೊನೆಗೆ ಸವಾಲು-ಜವಾಬಿನ ವೇಗದಲ್ಲಿ ಚಪ್ಪಾಳೆ ಗಳಿಸುತ್ತಾನೆ. ಇಂತಹ ಕೂಟಗಳಲ್ಲಿ ಸೌಜನ್ಯವುಂಟು, ಸಂವಾದವಿಲ್ಲ. ಗೋಪಾಲನಾಥರ ಹಲವು ಮಿಶ್ರಮೇಳಗಳು ಈ ಮಟ್ಟವನ್ನು ದಾಟಲಿಲ್ಲವೆಂಬುದನ್ನು ಅವರ ಅಭಿಮಾನಿಗಳೂ ಒಪ್ಪಬೇಕಾಗುತ್ತದೆ.

ಚಲಚ್ಚಿತ್ರದ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸಬಹುದು. ಕೆ. ಬಾಲಚಂದರ್ ನಿರ್ದೇಶಿಸಿ, ಎ. ಆರ್. ರಹಮಾನ್ ಸಂಗೀತ ನೀಡಿದ ‘ಡ್ಯುಯೆಟ್’ ಎಂಬ ತಮಿಳು ಚಿತ್ರವು (1994) ಅವರ ನಾದವನ್ನು ಮನೆಮನೆಗೆ ಮುಟ್ಟಿಸಿತು. ಅನೇಕ ರಾಗಗಳನ್ನು ನುಡಿಸಿದರೂ ನಿರ್ದೇಶಕರು ತೃಪ್ತರಾಗದೆ, ಕಡೆಗೆ ಕಲ್ಯಾಣವಸಂತಕ್ಕೆ ಮನಸೋತರೆಂದು ಹೇಳುತ್ತಾರೆ. ಇಂಪಾದ ನಾದವೇನೋ ಹೌದು. ಆದರೆ ಅಲ್ಲಿ ಕಥೆಯ ವಿರಹಕ್ಕೆ ಬೇಕಾದಷ್ಟು ರಾಗವಿದೆ, ರಾಗಕ್ಕೆ ಬೇಕಾದಷ್ಟು ಅವಕಾಶವಿಲ್ಲ.

ಸಹವಾದನದ ಪ್ರಶ್ನೆಗೆ ಯೋಗ್ಯವಾದ ಉತ್ತರ ದೊರೆತದ್ದು ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆಯಲ್ಲಿ (2008). ‘ಬಂಧುಗಳು’ ಎಂಬ ಆ ಹೆಸರೇ ಅರ್ಥಪೂರ್ಣವಾಗಿದೆ. ಇಲ್ಲಿಯ ಜೊತೆಗಾರರು ರುದ್ರೇಶ ಮಹಾಂತಪ್ಪ. ಈ ಹೆಸರನ್ನು ಕೇಳಿ ಯಾವ ಕನ್ನಡಿಗನೂ ಊರು ಯಾವುದೆಂದು ವಿಚಾರಿಸದೆ ಇರಲಾರನು. ಅವರು 1971ರಲ್ಲಿ ಇಟಲಿಯಲ್ಲಿ ಹುಟ್ಟಿ, ಅಮೆರಿಕೆಯ ಕೊಲೊರಾಡೊ ಪ್ರಾಂತದಲ್ಲಿ ಬೆಳೆದು, ಜಾಜನ್ನೇ ಸ್ವಭಾಷೆಯನ್ನಾಗಿ ಮಾಡಿಕೊಂಡವರು. ವಿದ್ಯಾರ್ಥಿದೆಸೆಯಲ್ಲಿ ಅಣ್ಣ ಅರ್ಧ ಪರಿಹಾಸ್ಯಕ್ಕೆಂದು ಕೊಟ್ಟ ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’ ಎಂಬ ಮುದ್ರಿಕೆಯಿಂದ ಗೋಪಾಲನಾಥರ ಪರಿಚಯವಾಯಿತಂತೆ. ಪರಿಹಾಸ್ಯವು ವರ್ಷಗಳ ಅಭ್ಯಾಸಕ್ಕೆ ಕಾರಣವಾಯಿತು. ಚರ್ಮದ ಬಣ್ಣವನ್ನು ನೋಡಿ ಭಾರತೀಯ ಸಂಗೀತವನ್ನೇ ನಿರೀಕ್ಷಿಸುವ ಜನರ ನಡುವೆ, ತನಗೆ ಬಾರದ ವಿದ್ಯೆಯನ್ನು ಬರುವಂತೆ ನಟಿಸದೆ, ಬಲ್ಲವರ ಬಳಿಗೆ ಹೋದದ್ದು ಅವರ ದೊಡ್ಡಗುಣ. ಪರಊರಿನಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಈ ಸಂಗತಿ ಕೇವಲ ಸಂಗೀತದ್ದಾಗಿ ತೋರುವುದಿಲ್ಲ.

ಈ ಮೇಳದಲ್ಲಿ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ ಒಂದು ಕಡೆಗೆ. ರೆಜ್ ಅಬ್ಬಾಸಿಯವರ ಗಿಟಾರು, ಜಾಜಿನ ಮಂದ್ರವಾದ್ಯ ಹಾಗೂ ಡೋಲುಗಳು ಇನ್ನೊಂದು ಕಡೆಗೆ. ಇಬ್ಬರು ಸ್ಯಾಕ್ಸೊಫೋನ್ ವಾದಕರಲ್ಲಿ ಯಾರೂ ಮತ್ತೊಬ್ಬರ ವೇಷ ತೊಡುವುದಿಲ್ಲ. ಗೋಪಾಲನಾಥರ ಸ್ವರ ಉಸಿರಿನಲ್ಲಿ ತೂಗಾಡಿ ನೆಲೆಗೆ ಬರುತ್ತದೆ. ಮಹಾಂತಪ್ಪನವರದು ಅಂಚು ಹರಿತವಾದ, ಮೊನಚಾದ ಸ್ವರ. ವಾದ್ಯವೊಂದೇ ಆಗಿರುವುದರಿಂದ ಭೇದವು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಬ್ದುಲ್ ಕರೀಮ್ ಖಾನರು ಮೈಸೂರಿನ ಕಡೆಗೆ ಬಂದು ಕರ್ಣಾಟಕ ಸಂಗೀತದ ಸ್ವರಪ್ರಸ್ತಾರವನ್ನು ಕಲಿತು ತಮ್ಮ ಗಾಯನದಲ್ಲಿ ಅರಗಿಸಿಕೊಂಡರಷ್ಟೆ. 1913ರಲ್ಲಿ ಇದೇ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದರು. ಅವರನ್ನು ಯಾರೂ ಮಿಶ್ರಸಂಗೀತಗಾರರೆನ್ನಲಿಲ್ಲ. ಕಲಿತು ತೆಗೆದುಕೊಂಡದ್ದಕ್ಕೂ ಕೇಳಿ ಅಂಟಿಸಿಕೊಂಡದ್ದಕ್ಕೂ ಅಂತರವಿದೆ. ಬ್ಯಾಂಕಿನ ಲೆಕ್ಕದ ಪರಿಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯದು ಸ್ವಂತ ಠೇವಣಿ, ಎರಡನೆಯದು ಕೈಗಡ.

ದೋಷಗಳಿಲ್ಲವೆಂದಲ್ಲ. ಕೆಲವೆಡೆ ಡೋಲಿನ ಅಬ್ಬರದಲ್ಲಿ ಪಿಟೀಲಿನ ಸೂಕ್ಷ್ಮ ಮುಳುಗುತ್ತದೆ. ಗೋಪಾಲನಾಥರ ಕಚೇರಿಗಳಲ್ಲಿಯೂ ದ್ರುತಗತಿಯ ಮೋಹ ಕೆಲವೊಮ್ಮೆ ವಿಳಂಬದ ಆಳವನ್ನು ಕಸಿದುಕೊಂಡದ್ದುಂಟು. 2004ರಲ್ಲಿ ಪದ್ಮಶ್ರೀ ಬಂದ ಮೇಲೆ ಸನ್ಮಾನದ ಲೇಖನಗಳು ಹೆಚ್ಚಿದವು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಅವರು ತೀರಿಕೊಂಡಾಗ ಮತ್ತೊಮ್ಮೆ ಅವೇ ವಿಶೇಷಣಗಳು ಮುದ್ರಿತವಾದವು. ಜಿಜ್ಞಾಸುಗಳು ಮೊದಲು ಅವರು ಪಕ್ಕವಾದ್ಯಗಳೊಡನೆ ಸಾವಕಾಶವಾಗಿ ಬಿಡಿಸಿದ ಒಂದು ರಾಗಾಲಾಪನೆಯನ್ನು ಕೇಳಿ, ಅನಂತರ ‘ಕಿನ್ಸ್‌ಮೆನ್’ ಮುದ್ರಿಕೆಯ ‘ಗಣೇಶ’ ಎಂಬ ಕೃತಿಯನ್ನು ಕೇಳುವುದು ಉಚಿತ. ತಿರುವುಮುರುವಾಗಿ ಕೇಳಿದರೆ ವಾದ್ಯದ ವೈಚಿತ್ರ್ಯವೇ ಮತ್ತೆ ಎದುರು ಬಂದು ನಿಲ್ಲುವುದು.