ಬಿಟ್ಟುಕೊಟ್ಟವರ ಲೆಕ್ಕ

ನನ್ನ ತಮ್ಮನ ಮಗಳು 2016ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಅರ್ಥಶಾಸ್ತ್ರ ಓದಲು ಸೇರಿದಳು. ಅದು ಖಾಸಗಿ ವಿಶ್ವವಿದ್ಯಾಲಯ. ಆ ವರ್ಷ ಅರ್ಜಿ ಹಾಕಿದ ನೂರು ಮಂದಿಯಲ್ಲಿ ಸೀಟು ಸಿಕ್ಕಿದ್ದು ಐದಾರು ಮಂದಿಗೆ. ಮೊದಲ ವರ್ಷ ಮುಗಿಸಿ ರಜೆಗೆ ಹಾಸನಕ್ಕೆ ಬಂದವಳು ಇಟ್ಟಿಗೆಯಂಥ ಪಠ್ಯಪುಸ್ತಕವೊಂದನ್ನು ನನ್ನ ಮೇಜಿನ ಮೇಲಿಟ್ಟು, "ಅತ್ತೆ, ನೀವೂ ಬಿ.ಎ.ಯಲ್ಲಿ ಇದನ್ನೇ ಓದಿದ್ದಲ್ವಾ? ಓದಿ ನೋಡಿ, ಹೇಗಿದೆ ಹೇಳಿ" ಎಂದಳು. ಭಾರವೆಂದು ಹೋಗುವಾಗ ಅದನ್ನು ಇಲ್ಲೇ ಬಿಟ್ಟುಹೋದಳು. ಅಂದಿನಿಂದ ಆಗಾಗ ತೆಗೆದು ಓದುತ್ತ ಬಂದಿದ್ದೇನೆ.

ಪುಸ್ತಕ ಗ್ರೆಗರಿ ಮ್ಯಾನ್‌ಕ್ಯೂ ಬರೆದ 'ಪ್ರಿನ್ಸಿಪಲ್ಸ್ ಆಫ್ ಎಕನಾಮಿಕ್ಸ್'. ಹಾರ್ವರ್ಡ್‌ನಲ್ಲಿ ಅರ್ಥಶಾಸ್ತ್ರದ ಮೊದಲ ಪಾಠವನ್ನು 2005ರಿಂದ 2019ರವರೆಗೆ ನಡೆಸಿದವರು ಅವರೇ. ನಮ್ಮ ಕಾಲದಲ್ಲಿ ನಾವು ಮಾರ್ಷಲ್, ರಾಬಿನ್ಸ್ ಕೊಟ್ಟ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಕಕ್ಕಿ ಬರುತ್ತಿದ್ದೆವು. ಇದು ಹಾಗಲ್ಲ. ತಿಳಿದುದರಿಂದ ತಿಳಿಯದುದರ ಕಡೆಗೆ ನಡೆಸಬೇಕೆಂದು ಬಿ.ಎಡ್.ನಲ್ಲಿ ನಮಗೆ ಹೇಳಿಕೊಟ್ಟಿದ್ದರಲ್ಲ, ಅದನ್ನು ಈ ಮೇಷ್ಟ್ರು ಅಕ್ಷರಶಃ ಪಾಲಿಸಿದ್ದಾರೆ. ಎಕಾನಮಿ ಎಂಬ ಮಾತು ಮನೆ ನಡೆಸುವವರು ಎಂಬರ್ಥದ ಗ್ರೀಕ್ ಪದದಿಂದ ಬಂದದ್ದೆಂದು ಮೊದಲಿಗೇ ಹೇಳುತ್ತಾರೆ. ಅಡುಗೆ ಯಾರು ಮಾಡಬೇಕು, ಬಟ್ಟೆ ಯಾರು ಒಗೆಯಬೇಕು ಎಂಬಲ್ಲಿಂದ ಹೊರಟು ಹತ್ತು ಸೂತ್ರಗಳನ್ನು ಮುಂದಿಡುತ್ತಾರೆ. ಪಾಠ ಹೇಳುವವಳಾಗಿ ನನಗೆ ಅಸೂಯೆಯಾಗುವಷ್ಟು ತಿಳಿಯಾದ ಬರವಣಿಗೆ.

ಎರಡನೆಯ ಸೂತ್ರದ ಹತ್ತಿರ ಬಂದಾಗ ಮಾತ್ರ ಕನ್ನಡಕ ತೆಗೆದಿಟ್ಟೆ. ಒಂದು ವಸ್ತುವಿನ ನಿಜವಾದ ಬೆಲೆಯೆಂದರೆ ಅದನ್ನು ಪಡೆಯಲು ನಾವು ಬಿಟ್ಟುಕೊಟ್ಟದ್ದು ಎನ್ನುವುದು ಆ ಸೂತ್ರ. ಉದಾಹರಣೆ ಕಾಲೇಜು ಓದಿನದೇ. ಊಟ ವಸತಿಯ ಖರ್ಚು ಓದದಿದ್ದರೂ ಬರುತ್ತಿತ್ತು, ಆದ್ದರಿಂದ ಅದನ್ನು ಪೂರ್ತಿ ಓದಿನ ಲೆಕ್ಕಕ್ಕೆ ಹಿಡಿಯಬಾರದು. ಆದರೆ ಓದುವ ವರ್ಷಗಳಲ್ಲಿ ದುಡಿದು ಗಳಿಸಬಹುದಾಗಿದ್ದ ಸಂಬಳ ಕೈತಪ್ಪಿತಲ್ಲ, ಅದನ್ನು ಸೇರಿಸಬೇಕು. ತರ್ಕ ಒಪ್ಪತಕ್ಕದ್ದೇ. ಆದರೆ ಇಲ್ಲಿ ಆರಿಸಿಕೊಳ್ಳುವವನೂ ಬಿಟ್ಟುಕೊಡುವವನೂ ಒಬ್ಬನೇ. ನಾನು ಕಂಡ ಮನೆಗಳಲ್ಲಿ ಇಬ್ಬರು.

1991ರಲ್ಲಿ ನನ್ನ ಬಿ.ಎ. ಮುಗಿಯಿತು. ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರದ ಎಂ.ಎ. ಮಾಡಬೇಕೆಂದು ಅರ್ಜಿ ಫಾರಂ ತರಿಸಿಟ್ಟಿದ್ದೆ. ಅದೇ ವರ್ಷ ತಮ್ಮನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಅಪ್ಪ ಗದರಲಿಲ್ಲ, ಬೇಡವೆನ್ನಲೂ ಇಲ್ಲ. "ಬಿ.ಎಡ್. ಒಂದೇ ವರ್ಷ ಕಣಮ್ಮ, ಬೇಗ ಕೆಲಸ ಸಿಗುತ್ತೆ" ಎಂದರು. ಒಂದು ವರ್ಷಕ್ಕೆ ಬಿ.ಎಡ್. ಆಯಿತು, ಕೆಲಸವೂ ಸಿಕ್ಕಿತು. ಮುಂದಿನ ಮೂರು ವರ್ಷ ಅವನ ಹಾಸ್ಟೆಲ್ ದುಡ್ಡು ನನ್ನ ಸಂಬಳದಿಂದ ಹೋಯಿತು. ಫಾರಂ ಟ್ರಂಕಿನ ತಳದಲ್ಲೇ ಉಳಿಯಿತು. ತಮ್ಮ ಕೆಟ್ಟವನಲ್ಲ. ಅವನ ಓದಿಗೆ ಎಷ್ಟಾಯಿತೆಂದು ಬರೆದಿಟ್ಟ ಲೆಕ್ಕದಲ್ಲಿ ನನ್ನ ಎಂ.ಎ. ಇರಲಿಲ್ಲ, ಅಷ್ಟೆ. ಮ್ಯಾನ್‌ಕ್ಯೂ ಅವರ ಲೆಕ್ಕದಲ್ಲೂ ಇಲ್ಲ.

ಮನೆಯಿಂದ ಹೊರಟ ಪುಸ್ತಕ ಬೇಗನೆ ಮಾರುಕಟ್ಟೆಗೆ ಹೋಗಿ ನೆಲಸುತ್ತದೆ. ಮತ್ತೆ ಮನೆಯ ಸುದ್ದಿ ಬರುವುದು ರಾಷ್ಟ್ರೀಯ ಉತ್ಪನ್ನದ ಅಧ್ಯಾಯದಲ್ಲಿ. ಒಬ್ಬ ಹೆಂಗಸು ದುಡ್ಡು ಕೊಟ್ಟು ಒಬ್ಬನಿಂದ ಹುಲ್ಲು ಕತ್ತರಿಸಿಕೊಂಡರೆ ಅದು ದೇಶದ ಲೆಕ್ಕಕ್ಕೆ ಸೇರುತ್ತದೆ, ಅವನನ್ನೇ ಮದುವೆಯಾದರೆ ಅದೇ ಕೆಲಸ ಲೆಕ್ಕದಿಂದ ಬಿದ್ದುಹೋಗುತ್ತದೆ ಎಂದು ಲೇಖಕರೇ ಒಪ್ಪಿಕೊಳ್ಳುತ್ತಾರೆ. ಆ ಪ್ರಾಮಾಣಿಕತೆಗೆ ನಮಸ್ಕಾರ. ಆದರೆ ಒಪ್ಪಿಕೊಂಡು ಮುಂದೆ ಹೋಗಿಬಿಡುತ್ತಾರಲ್ಲ!

2011ರ ನವೆಂಬರ್‌ನಲ್ಲಿ ಸುಮಾರು 70 ವಿದ್ಯಾರ್ಥಿಗಳು ಇದೇ ಪಾಠದಿಂದ ಎದ್ದು ಹೊರನಡೆದಿದ್ದರು. ಇಲ್ಲಿ ಅರ್ಥಶಾಸ್ತ್ರದ ಒಂದೇ ದೃಷ್ಟಿಯನ್ನು ಕಲಿಸುತ್ತಾರೆ ಎಂಬುದು ಅವರ ಆಕ್ಷೇಪ. ಆ ದಿನದ ಪಾಠದ ವಿಷಯವೇ ಆದಾಯದ ಅಸಮಾನತೆಯಾಗಿತ್ತೆಂದು ಮ್ಯಾನ್‌ಕ್ಯೂ ಆಮೇಲೆ ಬರೆದರು. ನಾನಾಗಿದ್ದರೆ ಕೂತು ಕೇಳಿ, ಕೊನೆಗೆ ಕೈಯೆತ್ತಿ ಪ್ರಶ್ನೆ ಕೇಳುತ್ತಿದ್ದೆ: ಈ ಕೋಣೆಯಲ್ಲಿ ಕೂತವರು ಇಲ್ಲಿಗೆ ಬಂದದ್ದು ಹೇಗೆ? ಹಾರ್ವರ್ಡ್‌ನವರೇ ಆದ ರಾಜ್ ಚೆಟ್ಟಿ ಮತ್ತು ಜೊತೆಯವರು 2023ರಲ್ಲಿ ಇದಕ್ಕೆ ಭಾಗಶಃ ಉತ್ತರ ಕೊಟ್ಟಿದ್ದಾರೆ. ಹಾರ್ವರ್ಡ್‌ನಂಥ 12 ಕಾಲೇಜುಗಳನ್ನು ಅವರು ಪರಿಶೀಲಿಸಿದರು. ಪ್ರವೇಶ ಪರೀಕ್ಷೆಯಲ್ಲಿ ಸಮಾನ ಅಂಕ ಪಡೆದರೂ, ಮಧ್ಯಮ ವರ್ಗದ ಮಕ್ಕಳಿಗಿಂತ ತೀರ ಶ್ರೀಮಂತ ಶೇಕಡಾ 1ರ ಮನೆಗಳ ಮಕ್ಕಳು ಅಲ್ಲಿಗೆ ಸೇರುವ ಸಂಭವ ಎರಡು ಪಟ್ಟಿಗೂ ಹೆಚ್ಚು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಆದ್ಯತೆ, ಆಟಗಾರರ ಆಯ್ಕೆ, ಓದಿನಾಚೆಯ ಗುಣಗಳಿಗೆ ಕೊಡುವ ಅಂಕ, ಇವು ಕಾರಣಗಳು. ಇಷ್ಟನ್ನು ಅರ್ಥಶಾಸ್ತ್ರದ ವಿದ್ಯೆಯಿಂದಲೇ ಲೆಕ್ಕ ಹಾಕಿದರು. ಹಾಗಾಗಿ ವಿದ್ಯೆಯನ್ನು ನಾನು ದೂರಲಾರೆ. ಮೊದಲ ವರ್ಷದ ಪುಸ್ತಕ ಆ ಪ್ರಶ್ನೆಯನ್ನು ಮಕ್ಕಳ ಬಾಯಲ್ಲಿ ಹುಟ್ಟಿಸುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ಕಳೆದ ಸಲ ಬಂದಾಗ ಇದನ್ನೆಲ್ಲ ತಮ್ಮನ ಮಗಳಿಗೆ ಹೇಳಿದೆ. ಎಂ.ಎ. ಫಾರಂ ವಿಷಯ ಅವಳಿಗೆ ಗೊತ್ತಿರಲಿಲ್ಲ. "ಅಪ್ಪನಿಗೆ ಗೊತ್ತಾ ಅತ್ತೆ?" ಎಂದು ಕೇಳಿದಳು. "ನಾನು ಹೇಳಿಲ್ಲ, ಅವನು ಕೇಳಿಲ್ಲ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪುಸ್ತಕ ತೆಗೆದು, ಎರಡನೆಯ ಸೂತ್ರದ ಪಕ್ಕದಲ್ಲಿ ಪೆನ್ಸಿಲಿನಿಂದ 'ಬಿಟ್ಟುಕೊಟ್ಟವರು ಯಾರು?' ಎಂದು ಬರೆದಳು. ಹೋಗುವಾಗ ಈ ಸಲ ಪುಸ್ತಕವನ್ನು ಜೊತೆಗೆ ಒಯ್ದಳು.