ಅತಿಥಿ ಎದ್ದ ಮೇಲಿನ ಪಂಕ್ತಿ

ಬಾಗಿಲಿಗೆ ಬಂದವರ ಹೆಸರು ಕೇಳುವ ಮೊದಲೇ ‘ಊಟ ಆತೇನ್ರಿ?’ ಎನ್ನುವುದು ಕೊಪ್ಪಳ ಜಿಲ್ಲೆಯ ಬೇವೂರಿನ ಕಡೆಯ ರೂಢಿ. ಇಲ್ಲವೆಂದರೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಾಟಿಗೆ ಬೀಳುತ್ತವೆ. ಆ ತಾಟನ್ನು ಒಳಗಿನ ಪಡಸಾಲೆಯಲ್ಲಿ ಇಡಬೇಕೋ ಹೊರಗಿನ ಕಟ್ಟೆಯ ಮೇಲೋ ಎಂಬುದು ಮಾತ್ರ ಯಾರೂ ಬಾಯಿಬಿಟ್ಟು ಕೇಳದೆಯೇ ತೀರ್ಮಾನವಾಗಿರುತ್ತದೆ. ಇಂಥ ಸೀಮೆಗೆ ಕ್ರೈಸ್ತ ಮಿಶನ್ನಿನವರು ಬಂದು ‘ಜನರೊಂದಿಗೆ ಉಂಡೆವು, ಜನರೊಂದಿಗೆ ಪ್ರಾರ್ಥಿಸಿದೆವು’ ಎಂದು ಹೇಳಿಕೊಂಡರೆ ಅದನ್ನು ಬರೀ ಸೌಜನ್ಯವೆಂದು ಓದಿ ಮುಗಿಸಲಾಗದು. ಎಲ್ಲಿ ಕೂತು ಉಂಡರು, ಪಕ್ಕದಲ್ಲಿ ಯಾರಿದ್ದರು ಎಂದು ಕೇಳಬೇಕಾಗುತ್ತದೆ.

ಈ ಪ್ರಶ್ನೆ ಕ್ರೈಸ್ತ ಧರ್ಮದಷ್ಟೇ ಹಳೆಯದು. ಅಂತಿಯೋಕ್ಯದಲ್ಲಿ ಅನ್ಯಜನರ ಪಂಕ್ತಿಯಿಂದ ಹಿಂದೆ ಸರಿದ ಪೇತ್ರನನ್ನು ಪೌಲನು ಎಲ್ಲರೆದುರೇ ತರಾಟೆಗೆ ತೆಗೆದುಕೊಂಡ. ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು ಬಡವರು ಹಸಿದು ಕೂರುತ್ತಿದ್ದರೆಂದು ಸಿಟ್ಟಾದವನೂ ಅವನೇ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಪಂಕ್ತಿಭೇದ.

ಕನ್ನಡ ನಾಡಿನಲ್ಲಿ ಮಿಶನರಿಗಳು ಇದಕ್ಕೆ ಕೊಟ್ಟ ಉತ್ತರಗಳು ಒಂದೇ ಬಗೆಯವಲ್ಲ. 17ನೆಯ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸುಯಿಟ್ ಲಿಯೊನಾರ್ದೊ ಚಿನ್ನಮಿ, ಮದುರೆಯ ರೊಬೆರ್ತೊ ದೆ ನೊಬಿಲಿಯ ದಾರಿ ಹಿಡಿದು ಸಂನ್ಯಾಸಿಯಂತೆ ಬದುಕಿದ. ಆತಿಥೇಯರ ಮಡಿಗೆ ಕೊಟ್ಟ ಈ ಗೌರವ ದೊಡ್ಡದು. ಅದಕ್ಕೆ ತೆತ್ತ ಬೆಲೆಯೂ ದೊಡ್ಡದೇ. ಮದುರೆಯಲ್ಲಿ ಮೇಲಿನವರಿಗೊಬ್ಬ, ಕೆಳಗಿನವರಿಗೊಬ್ಬ ಗುರು ಎಂಬ ಏರ್ಪಾಡಾಗಿ ಜಾತಿ ಚರ್ಚಿನೊಳಗೂ ತನ್ನ ಮಣೆ ಹಾಕಿಕೊಂಡಿತು.

1834ರಲ್ಲಿ ಮಂಗಳೂರಿಗೂ 1841ರಲ್ಲಿ ಗದಗಿನ ಬೆಟಗೇರಿಗೂ ಬಂದ ಬಾಸೆಲ್ ಮಿಶನ್ ಇದಕ್ಕೆ ತದ್ವಿರುದ್ಧ. ಜಾತಿ ಬಿಟ್ಟು ಬಾ, ಜೊತೆಗೆ ಉಣ್ಣು ಎಂಬುದು ಅದರ ಪಟ್ಟು. 1844ರಲ್ಲಿ ಮಂಗಳೂರಿನ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷೆ ಪಡೆದಾಗ ಊರೇ ಕುದಿಯಿತು. ಮಿಶನರಿಯ ಮೇಜಿನಲ್ಲಿ ಉಂಡವನಿಗೆ ಹುಟ್ಟಿದ ಮನೆಯ ಅಡುಗೆಮನೆ ಶಾಶ್ವತವಾಗಿ ಮುಚ್ಚುತ್ತಿದ್ದ ಕಾಲ ಅದು. ಮನೆಯ ಜೊತೆ ಕಸುಬೂ ಕಳೆದುಕೊಂಡವರಿಗಾಗಿ ಮಿಶನ್ ಮಗ್ಗ ಹೂಡಿತು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಒಂದು ತುತ್ತಿನ ಹಿಂದೆ ಇಷ್ಟೆಲ್ಲ ಹೊಣೆ ಇರುತ್ತದೆಂದು ಅದು ಅರಿತಿತ್ತು. ಅದರ ಕೊರತೆ ಇನ್ನೊಂದು ಕಡೆಗಿದೆ. ಬಿಟ್ಟು ಬಂದವರು ಒಂದೇ ಪಂಕ್ತಿಯಲ್ಲಿ ಕೂತರು, ಅವರು ಬಿಟ್ಟು ಬಂದ ಓಣಿ ಇದ್ದ ಹಾಗೆಯೇ ಇತ್ತು.

ಪ್ರಾರ್ಥನೆಯ ವಿಷಯದಲ್ಲಿ ಇದೇ ಮಿಶನ್ ಹೆಚ್ಚು ಮೃದುವಾಗಿತ್ತು. ಅದರ ಮಿಶನರಿ ಕಿಟೆಲ್ 1862ರಲ್ಲಿ ಏಸುವಿನ ಕಥೆಯನ್ನು ‘ಕಥಾಮಾಲೆ’ಯಾಗಿ ಕನ್ನಡ ಛಂದಸ್ಸಿನಲ್ಲೇ ಬರೆದ. ಬೆಳಗಾವಿ ಜಿಲ್ಲೆಯ ದೇಶನೂರಿನ ವಿರಕ್ತ ಮಠದಲ್ಲಿ ಜೆಸುಯಿಟ್ ಪಾದ್ರಿಗಳು ಕಾವಿಯುಟ್ಟು, ಸಸ್ಯಾಹಾರಿಗಳಾಗಿ ಬಾಳುತ್ತ ಚಿನ್ನಮಿಯ ದಾರಿ, ಬಾಸೆಲ್ ಮಿಶನ್ನಿನ ದಾರಿ ಎರಡರ ನಡುವೆ ಹೆಜ್ಜೆ ಹಾಕಿದ್ದಾರೆ. ವರ್ಷಗಟ್ಟಲೆ ಒಂದೇ ಊರಿನಲ್ಲಿ ನಿಂತದ್ದು ಅವರ ಬಲ.

ಇದರ ಪಕ್ಕದಲ್ಲಿ ಇಂದು ಹೊರದೇಶದವರು ಮಾಡುವ ಒಂದು ವಾರದ, ಹತ್ತು ದಿನಗಳ ಮಿಶನ್ ಪ್ರವಾಸವನ್ನಿಟ್ಟು ನೋಡಿ. ಬಂದವರು ಪ್ರೀತಿಯಿಂದಲೇ ಬರುತ್ತಾರೆ, ಕೈಯಲ್ಲೇ ರೊಟ್ಟಿ ಮುರಿಯುತ್ತಾರೆ, ಗೊತ್ತಿಲ್ಲದ ಹಾಡಿಗೆ ಚಪ್ಪಾಳೆ ಹಾಕುತ್ತಾರೆ. ಬಡವರ ಮನೆಯಲ್ಲಿ ಉಣ್ಣುವ ಅವರ ಸಂಕೋಚವಿಲ್ಲದ ಗುಣವನ್ನು ಮೆಚ್ಚಲೇಬೇಕು. ಏಸು ತನ್ನವರನ್ನು ಜೋಳಿಗೆಯಿಲ್ಲದೆ ಕಳಿಸಿ, ಬಡಿಸಿದ್ದನ್ನು ಉಣ್ಣಿರಿ ಎಂದದ್ದೂ ಹೀಗೆಯೇ: ಉಣಿಸುವವರಾಗುವ ಮೊದಲು ಉಣ್ಣುವವರಾಗಿ. ಅನ್ನ ಹಂಚುವವನ ಕೈ ಯಾವಾಗಲೂ ಮೇಲಿರುತ್ತದೆ. ನಮ್ಮಲ್ಲಿ ಮತಾಂತರದ ಜಗಳವೆಲ್ಲ, ಕರ್ನಾಟಕದ 2022ರ ಕಾಯ್ದೆಯ ‘ಆಮಿಷ’ವೆಂಬ ಮಾತೂ ಸೇರಿ, ಸುತ್ತುವುದು ಈ ಮೇಲಿನ ಕೈಯ ಸುತ್ತಲೇ. ಅತಿಥಿಯಾಗಿ ತಾಟಿನ ಮುಂದೆ ಕೂತವನ ಮೇಲೆ ಆ ಅನುಮಾನ ಬೇಗ ಅಂಟುವುದಿಲ್ಲ.

ಆದರೂ ಹೊರಗಿನವರ ಸಹಪಂಕ್ತಿ ಸುಲಭದ್ದು. ಅವರಿಗೆ ಇಲ್ಲಿ ಜಾತಿಯಿಲ್ಲ, ಹಾಗಾಗಿ ಕಳೆದುಕೊಳ್ಳಲು ಏನೂ ಇಲ್ಲ. ಕಷ್ಟವಿರುವುದು ಇದೇ ಮಣ್ಣಿನವರಿಗೆ. ಬೇವೂರಿನಿಂದ ದೂರವಲ್ಲದ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರಲ್ಲಿ ದಲಿತ ಕುಟುಂಬದ ಎರಡು ವರ್ಷದ ಕೂಸು ಹನುಮಂತನ ಗುಡಿಯೊಳಗೆ ಓಡಿತೆಂದು ಶುದ್ಧೀಕರಣದ ಹೆಸರಿನಲ್ಲಿ ದಂಡ ಹೇರಿದ್ದನ್ನು ನಾಡು ಕಂಡಿದೆ. ಅಂಥ ಕಡೆ ಪರದೇಶಿಯೊಬ್ಬ ಕೇರಿಯಲ್ಲಿ ಉಂಡು ಹೋದರೆ ಕೇರಿಗೆ ಸಂತೋಷ, ಊರಿಗೆ ತಮಾಷೆ. ಗೆರೆ ಅಲ್ಲಿಯೇ ಇರುತ್ತದೆ.

ನಮ್ಮದೇ ಆಚರಣೆಗೂ ಇದೇ ಅಳತೆಗೋಲು ಹಿಡಿಯುವುದು ನ್ಯಾಯ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳು ರೊಟ್ಟಿ ತಟ್ಟಿ ಟ್ರ್ಯಾಕ್ಟರಿನಲ್ಲಿ ತುಂಬಿ ಕಳಿಸುತ್ತವೆ. ಮಹಾದಾಸೋಹದಲ್ಲಿ ಯಾವ ರೊಟ್ಟಿ ಯಾವ ಮನೆಯದೆಂದು ಯಾರೂ ಕೇಳರು. ಅಲ್ಲಿ ಕೊಡುವವನೂ ಉಣ್ಣುವವನೂ ಅವನೇ ಆದ್ದರಿಂದ ಮೇಲಿನ ಕೈ ಎಂಬುದಿಲ್ಲ. ಮಿಶನ್ ಪ್ರವಾಸಗಳು ಕಲಿಯಬೇಕಾದದ್ದು ಇದು. ಆದರೆ ಜಾತ್ರೆಯಿಂದ ಹಿಂತಿರುಗಿದ ಮೇಲೆ ಅದೇ ರೊಟ್ಟಿ ತಟ್ಟಿದ ಕೈಗೆ ಊರ ಹೋಟೆಲ್ಲಿನಲ್ಲಿ ಬೇರೆ ಲೋಟ ಕೊಟ್ಟರೆ ಆ ದಾಸೋಹವೂ ಒಂದು ಪ್ರವಾಸವೇ ಆಯಿತು.

ಹಾಗಾಗಿ ಸಹಭೋಜನದ ಬೆಲೆ ಕಟ್ಟಲು ಉಂಡ ದಿನ ಹೋಗಬಾರದು. ಅತಿಥಿಗಳ ವಾಹನ ಹೋದ ಆರು ತಿಂಗಳ ಮೇಲೆ, ಯಾವುದಾದರೂ ಮದುವೆಯ ದಿನ ಹೋಗಬೇಕು. ಅಂದು ಮೊದಲ ಪಂಕ್ತಿಯಲ್ಲಿ ಯಾರು ಕೂತಿದ್ದಾರೆ, ಯಾರು ಮನೆಯಿಂದ ತಾಟು ತಂದು ದೂರ ನಿಂತಿದ್ದಾರೆ ಎಂದು ನೋಡಿದರೆ ಸಾಕು.